ಆರೂವರೆ ಗಂಟೆ

ಸೊರಬ ತಾಲ್ಲೂಕಿನ ಹೊಸಬಾಳೆಯಂಥ ಒಂದು ಊರಿನಿಂದ ಅಣ್ಣ ತಂಗಿಯರಿಬ್ಬರು ಒಂದೇ ಬಸ್ಸಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೊರಟಿದ್ದಾರೆಂದು ಇಟ್ಟುಕೊಳ್ಳಬಹುದು. ಅಣ್ಣನದು ಎರಡನೆಯ ವರ್ಷ, ತಂಗಿಯದು ಮೊದಲನೆಯದು. ಇಬ್ಬರ ಪೆಟ್ಟಿಗೆಗಳಲ್ಲಿಯೂ ತಾಯಿ ಅದೇ ಉಪ್ಪಿನಕಾಯಿಯ ಭರಣಿಯನ್ನೂ ಅದೇ ಚಟ್ನಿಪುಡಿಯ ಡಬ್ಬಿಯನ್ನೂ ಇಟ್ಟಿದ್ದಾಳೆ. ತಂದೆ ಇಬ್ಬರ ಶುಲ್ಕವನ್ನೂ ಒಂದೇ ಕೈಯಿಂದ ಎಣಿಸಿ ಕೊಟ್ಟಿದ್ದಾನೆ. ಈ ಮಟ್ಟಿಗೆ ಆ ಮನೆಯಲ್ಲಿ ಭೇದಭಾವವಿಲ್ಲ. ಅಂಥ ಮನೆಗಳು ಇಂದು ಮಲೆನಾಡಿನಲ್ಲಿ ವಿರಳವೂ ಅಲ್ಲ. ಬಸ್ಸು ಹೊರಡುವ ಗಳಿಗೆಯಲ್ಲಿ ತಂದೆ ಮಗನಿಗೆ, ‘ಚೆನ್ನಾಗಿ ಓದು’ ಎನ್ನುತ್ತಾನೆ. ಮಗಳಿಗೆ, ‘ಜೋಪಾನ’ ಎನ್ನುತ್ತಾನೆ. ಎರಡೂ ಪ್ರೀತಿಯ ಮಾತುಗಳೇ. ಆದರೆ ಒಂದೇ ಆಸನದಲ್ಲಿ ಕುಳಿತ ಆ ಇಬ್ಬರೂ ಆ ಗಳಿಗೆಯಿಂದಲೇ ಎರಡು ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಗೆ ಪ್ರಯಾಣ ಬೆಳೆಸಿದಂತಾಯಿತು.

ಶಿವಮೊಗ್ಗೆಗೆ ಹೋಗುವ ಬಸ್ಸು ಶಿಕಾರಿಪುರದ ಮಾರ್ಗ ಹಿಡಿದರೆ ನಡುವೆ ಶಿರಾಳಕೊಪ್ಪ ಸಿಕ್ಕುತ್ತದೆ. ಅದರ ಆಸುಪಾಸಿನಲ್ಲಿಯೇ ಬಳ್ಳಿಗಾವೆ ಇದೆ, ಉಡುತಡಿಯೂ ಇದೆ. ಬಳ್ಳಿಗಾವೆಯ ಕೋಡಿಯ ಮಠ 12ನೆಯ ಶತಮಾನದಲ್ಲಿ ಹೆಸರಾಂತ ವಿದ್ಯಾಸ್ಥಾನವಾಗಿತ್ತು. ನಾಲ್ಕು ವೇದಗಳಿಂದ ಹಿಡಿದು ವ್ಯಾಕರಣ, ಕಾವ್ಯ, ನಾಟಕಗಳವರೆಗೆ ಅಲ್ಲಿ ಪಠನ ನಡೆಯುತ್ತಿತ್ತೆಂದು, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದು 1162ರ ಶಾಸನವೊಂದು ಬಣ್ಣಿಸುತ್ತದೆ. ಅಲ್ಲಮಪ್ರಭು ಬಳ್ಳಿಗಾವೆಯವನು, ಅಕ್ಕಮಹಾದೇವಿ ಉಡುತಡಿಯವಳು. ಹೀಗೆ ನೆರೆಹೊರೆಯ ಊರಿನವರಾದರೂ ಅವರಿಬ್ಬರು ಎದುರುಬದುರಾದದ್ದು, ಪರಂಪರೆಯ ಪ್ರಕಾರ, ದೂರದ ಕಲ್ಯಾಣದ ಅನುಭವ ಮಂಟಪದಲ್ಲಿ. 15ನೆಯ ಶತಮಾನದಿಂದ ಸಂಕಲನಗೊಂಡ ‘ಶೂನ್ಯಸಂಪಾದನೆ’ಗಳು ಆ ಭೇಟಿಯನ್ನು ಒಂದು ಪರೀಕ್ಷೆಯಂತೆಯೇ ಚಿತ್ರಿಸುತ್ತವೆ.

ಪರೀಕ್ಷಕ ಅಲ್ಲಮ, ಪರೀಕ್ಷೆಗೆ ನಿಂತವಳು ಅಕ್ಕ. ಇಂದಿನ ಲೆಕ್ಕದಲ್ಲಿ ಇಬ್ಬರೂ ಒಂದೇ ತಾಲ್ಲೂಕಿನವರು. ಆದರೆ ಅವಳಿಗೆ ಎದುರಾದ ಮೊದಲ ಪ್ರಶ್ನೆ ಅವಳ ಅನುಭಾವವನ್ನು ಕುರಿತದ್ದಲ್ಲ. ಪ್ರಾಯದ ಹೆಣ್ಣಿಗೆ ಇಲ್ಲೇನು ಕೆಲಸ, ಗಂಡ ಯಾರೆಂದು ತಿಳಿಸಿದರೆ ಮಾತ್ರ ಇಲ್ಲಿ ಸ್ಥಳ, ಎಂಬ ಧಾಟಿಯದು. ಅನಂತರದ್ದು ಅವಳ ಮೈಯನ್ನೂ ಅದನ್ನು ಮುಚ್ಚಿದ ಕೂದಲನ್ನೂ ಕುರಿತದ್ದು. ಲೋಕಕ್ಕೆ ಅಕ್ಕನ ಹಿರಿಮೆಯನ್ನು ತೋರಿಸಿಕೊಡಲು ಪ್ರಭು ಹೂಡಿದ ಉಪಾಯವಿದು ಎಂದು ಭಕ್ತರು ವ್ಯಾಖ್ಯಾನಿಸುತ್ತಾರೆ. ಇರಬಹುದು. ಅದೇ ಗ್ರಂಥದಲ್ಲಿ ಸೊನ್ನಲಿಗೆಯ ಸಿದ್ಧರಾಮನಿಗೂ ಕಠಿಣವಾದ ಪರೀಕ್ಷೆಯೇ ಆಗುತ್ತದೆ. ಆದರೆ ಅದು ಅವನು ಕೆರೆ ಕಟ್ಟಿಸುತ್ತಿದ್ದ ಕಾಯಕವನ್ನು ಕುರಿತ ವಾದ. ಅವನ ಪ್ರಾಯವನ್ನಾಗಲಿ ಮೈಯನ್ನಾಗಲಿ ಕುರಿತದ್ದಲ್ಲ. ಜ್ಞಾನದ ಮನೆಯ ಬಾಗಿಲಲ್ಲಿ ಗಂಡಿಗೆ ಒಂದು ಪ್ರಶ್ನಪತ್ರಿಕೆ, ಹೆಣ್ಣಿಗೆ ಎರಡು. ಅಕ್ಕ ಎರಡರಲ್ಲಿಯೂ ತೇರ್ಗಡೆಯಾದಳು. ಎಲ್ಲರೂ ಅಕ್ಕಮಹಾದೇವಿಯರಾಗಿರುವುದಿಲ್ಲವಷ್ಟೆ. ವಿಜಯಪುರದಲ್ಲಿ 2003ರಲ್ಲಿ ಆರಂಭವಾದ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯಕ್ಕೆ 2017ರಲ್ಲಿ ಅವಳ ಹೆಸರನ್ನೇ ಇಡಲಾಯಿತು.

ಆ ಎರಡನೆಯ ಪ್ರಶ್ನಪತ್ರಿಕೆ ನಮ್ಮ ಆಧುನಿಕ ವಿದ್ಯಾಸಂಸ್ಥೆಗಳಿಗೂ ಸಾಗಿ ಬಂದ ಬಗೆ ವಿಚಾರಾರ್ಹವಾದದ್ದು. ಹೆಣ್ಣುಮಕ್ಕಳ ವಿದ್ಯಾಭ್ಯಾಸದಲ್ಲಿ ಮೈಸೂರು ಸಂಸ್ಥಾನ ಹಿಂದುಳಿದಿತ್ತೆಂದು ಯಾರೂ ಹೇಳಲಾರರು. 1881ರಲ್ಲಿಯೇ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ತೆರೆಯಿತು. ಅದೇ ಮುಂದೆ ಕಾಲೇಜಾಯಿತು. 1906ರಲ್ಲಿ ರುಕ್ಮಿಣಿಯಮ್ಮ, ಶ್ರೀರಂಗಮ್ಮ, ಸುಬ್ಬಮ್ಮ ಎಂಬ ಮೂವರು ಪದವೀಧರೆಯರಾಗಿ ಹೊರಬಂದರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೆ ಇನ್ನೂ ಹತ್ತು ವರ್ಷ ಬಾಕಿ ಇದ್ದ ಕಾಲವದು.

ಆದರೆ ಪ್ರತ್ಯೇಕವಾದ ಮಹಿಳಾ ಕಾಲೇಜಿನಲ್ಲಿ ಓದುವುದು ಒಂದು ಮಾತು. ಗಂಡಸರು ತಮ್ಮದೆಂದು ತಿಳಿದುಕೊಂಡಿರುವ ಪ್ರಯೋಗಾಲಯದೊಳಗೆ ಕಾಲಿಡುವುದು ಇನ್ನೊಂದು ಮಾತು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ರಸಾಯನಶಾಸ್ತ್ರದಲ್ಲಿ ಪ್ರಥಮಸ್ಥಾನ ಗಳಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಅವಳ ತಂದೆಯೂ ಚಿಕ್ಕಪ್ಪನೂ ಅದೇ ‘ಟಾಟಾ ಇನ್‌ಸ್ಟಿಟ್ಯೂಟ್’ನ ಹಳೆಯ ವಿದ್ಯಾರ್ಥಿಗಳು. ಸಂಸ್ಥೆಯ ನಿರ್ದೇಶಕರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದು ಬಂದ ಮಹಾವಿಜ್ಞಾನಿ. ಆ ಸ್ಥಾನವನ್ನೇರಿದ ಮೊದಲ ಭಾರತೀಯ. ಅವರು ಅರ್ಜಿಯನ್ನು ತಿರಸ್ಕರಿಸಿದರು. ಕಾರಣ ಅಂಕಗಳಲ್ಲ. ಅರ್ಜಿದಾರಳು ಹೆಂಗಸು ಎಂಬುದೇ ಕಾರಣ.

ತರುಣಿ ಸುಮ್ಮನಾಗಲಿಲ್ಲ. ಗಾಂಧೀಜಿಯವರ ಕಾಲವದು. ಬೆಂಗಳೂರಿಗೆ ಬಂದು, ಕಾರಣವನ್ನು ಮುಖಾಮುಖಿ ಕೇಳಿ, ಪ್ರವೇಶ ದೊರೆಯುವವರೆಗೆ ಕದಲುವುದಿಲ್ಲವೆಂದು ಪಟ್ಟುಹಿಡಿದಳು. ಕೊನೆಗೆ ಪ್ರವೇಶ ದೊರೆಯಿತು, ಷರತ್ತುಗಳೊಡನೆ. ಮೊದಲ ಒಂದು ವರ್ಷ ಅವಳನ್ನು ಪೂರ್ಣ ವಿದ್ಯಾರ್ಥಿನಿಯೆಂದು ಎಣಿಸತಕ್ಕದ್ದಲ್ಲ. ಕೆಲಸದ ಗುಣಮಟ್ಟದ ಬಗ್ಗೆ ನಿರ್ದೇಶಕರಿಗೆ ತೃಪ್ತಿಯಾಗುವವರೆಗೆ ಆ ಕೆಲಸಕ್ಕೆ ಮನ್ನಣೆಯಿಲ್ಲ. ಮೂರನೆಯದೇ ಎಲ್ಲಕ್ಕಿಂತ ಗಮನಾರ್ಹ: ಅವಳ ಇರವಿನಿಂದ ಗಂಡಸರ ಅಧ್ಯಯನಕ್ಕೆ ಭಂಗ ಬರಕೂಡದು. ಭಂಗ ಬಂದರೆ ಅದಕ್ಕೆ ಹೊಣೆ ಯಾರು? ಮನಸ್ಸು ಚಂಚಲವಾದವನಲ್ಲ, ಎದುರಿಗೆ ಕುಳಿತು ತನ್ನ ಪಾಡಿಗೆ ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನನ್ನು ಅಳೆಯುತ್ತಿದ್ದವಳು.

1936ರಲ್ಲಿ ಅವಳು ಎಂ.ಎಸ್‌ಸಿ. ಮುಗಿಸಿದಳು. ಅವಳ ಕೆಲಸವನ್ನು ಕಂಡ ಮೇಲೆ ರಾಮನ್ನರ ಮನಸ್ಸು ಬದಲಾಗಿ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಆ ಮಟ್ಟಿಗೆ ದೊಡ್ಡವರು ದೊಡ್ಡವರೇ. ಮುಂದೆ ಅವಳು ಕೇಂಬ್ರಿಜ್‌ಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿ ‘ಸೈಟೋಕ್ರೋಮ್ ಸಿ’ ಎಂಬ ವಸ್ತುವಿನ ಇರವನ್ನು ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದಳು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಕಮಲಾ ಸೊಹೊನಿ ಎಂಬ ಹೆಸರಿನಿಂದ ನೆನೆಯುವುದು ಅವಳನ್ನೇ. ಆದರೆ ಸಾಗರ ದಾಟಿದ ಮಾತ್ರಕ್ಕೆ ಎರಡನೆಯ ಪ್ರಶ್ನಪತ್ರಿಕೆ ಹಿಂದೆ ಉಳಿಯುತ್ತದೆಂದು ತಿಳಿಯಬಾರದು. ಶತಮಾನಗಳ ಕೀರ್ತಿಯ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಹೆಂಗಸರನ್ನು ಪದವಿಯ ಪೂರ್ಣ ಹಕ್ಕುಗಳೊಡನೆ ತನ್ನವರೆಂದು ಒಪ್ಪಿಕೊಂಡದ್ದು 1948ರಲ್ಲಿ.

ಅಣ್ಣಾ ಮಣಿಯ ಪ್ರಸಂಗವೂ ಇದೇ ಬೆಂಗಳೂರಿನದು. ತಿರುವಾಂಕೂರಿನ ಈ ತರುಣಿ 1940ರಲ್ಲಿ ರಾಮನ್ನರ ಪ್ರಯೋಗಾಲಯವನ್ನು ಸೇರಿ, ಐದು ವರ್ಷ ವಜ್ರ ಮಾಣಿಕ್ಯಗಳ ಬೆಳಕಿನ ಗುಣವನ್ನು ಅಭ್ಯಸಿಸಿ, ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧ ಒಪ್ಪಿಸಿದಳು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ನೆವದಿಂದ ಡಾಕ್ಟರೇಟ್ ದೊರೆಯಲಿಲ್ಲ. ಹವಾಮಾನ ಶಾಸ್ತ್ರದಲ್ಲಿ ದೇಶಕ್ಕೇ ಹೆಸರು ತಂದ ಆಕೆ 2001ರಲ್ಲಿ ತೀರಿಕೊಳ್ಳುವವರೆಗೂ ಡಾಕ್ಟರ್ ಅಲ್ಲದ ಅಣ್ಣಾ ಮಣಿಯಾಗಿಯೇ ಉಳಿದರು.

ಇವೆಲ್ಲ ಹಳೆಯ ಕಾಲದ ಮಾತೆಂದು ಕೆಲವರಿಗೆ ತೋರಬಹುದು. ಹಿರಿಯ ತಲೆಮಾರಿನವರು ತಮ್ಮ ಕಾಲೇಜಿನ ದಿನಗಳನ್ನು ನೆನೆಯುವಾಗ ‘ಲೇಡೀಸ್ ರೂಮ್’ ಎಂಬ ಕತ್ತಲೆಯ ಕೋಣೆಯೊಂದು ತಪ್ಪದೆ ಬರುತ್ತದೆ. ಉಪನ್ಯಾಸಕರು ತರಗತಿಗೆ ನಡೆದಾಗ ಹುಡುಗಿಯರು ಆ ಕೋಣೆಯಿಂದ ಸಾಲಾಗಿ ಹೊರಟು, ಅವರ ಬೆನ್ನ ಹಿಂದೆಯೇ ಒಳಗೆ ಬಂದು, ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವುದು. ಗಂಟೆ ಬಾರಿಸಿದೊಡನೆ ಅವರೊಡನೆಯೇ ಎದ್ದು ಹೋಗುವುದು. ಇಂದು ಆ ಮೆರವಣಿಗೆ ಕಾಣಬರುವುದಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಒಟ್ಟು ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು. ಹೆಚ್ಚುಕಡಮೆ ಅರ್ಧಕ್ಕೆ ಅರ್ಧ. ಮಲೆನಾಡಿನ ಮಟ್ಟಿಗೆ ಹೇಳುವುದಾದರೆ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಶಂಕರಘಟ್ಟದಲ್ಲಿ ನೆಲೆಗೊಂಡ ಮೇಲೆ, ಸೊರಬ ಶಿಕಾರಿಪುರಗಳ ಮಗಳೊಬ್ಬಳು ಎಂ.ಎ. ಓದಲು ಮೈಸೂರು ಧಾರವಾಡಗಳ ಕನಸು ಕಾಣಬೇಕಾದ ಕಷ್ಟ ತಪ್ಪಿತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವೂ ಬಂತು. (ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸುಗಳದೇ ರಾಜ್ಯಭಾರವಾದ್ದರಿಂದ ಅಲ್ಲಿನ ಹುಡುಗಿ ಈಗಲೂ ಟಿಕೆಟ್ಟಿನ ಹಣ ಎಣಿಸಿಯೇ ಕೊಡಬೇಕು, ಆ ಮಾತು ಬೇರೆ.) ಬಾಗಿಲು ತೆರೆದಿದೆ ಎಂಬುದರಲ್ಲಿ ಸಂಶಯವಿಲ್ಲ.

ಬಾಗಿಲು ತೆರೆದಿರುವುದು ಎಷ್ಟು ಗಂಟೆಯವರೆಗೆ ಎಂಬುದು ಉಳಿದಿರುವ ಪ್ರಶ್ನೆ.

2021ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ನಾಡೆಲ್ಲ ತಲ್ಲಣಿಸಿತು. ಅದಾದ ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಒಂದು ಸುತ್ತೋಲೆ ಹೊರಡಿಸಿತು: ಸಂಜೆ ಆರೂವರೆ ಗಂಟೆಯ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯ ಆವರಣದಲ್ಲಿ ಒಂಟಿಯಾಗಿ ಓಡಾಡಕೂಡದು, ಕುಕ್ಕರಹಳ್ಳಿ ಕೆರೆಯ ಬಳಿಗೂ ಆ ಹೊತ್ತಿನ ಮೇಲೆ ಹೋಗಕೂಡದು. ವಿದ್ಯಾರ್ಥಿಗಳಿಗೆ ಅಂಥ ಸುತ್ತೋಲೆ ಇರಲಿಲ್ಲ. ಕುಲಪತಿಗಳಾಗಿದ್ದ ಕುವೆಂಪು ಅವರು ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟ ಆ ಆವರಣ 1960ರಲ್ಲಿ ರೂಪುಗೊಂಡದ್ದು; ಅರವತ್ತು ವರ್ಷಗಳ ಅನಂತರ ಅಲ್ಲಿನ ವಿದ್ಯಾರ್ಥಿಗಳಲ್ಲಿ ಒಂದು ಭಾಗಕ್ಕೆ ಮಾತ್ರ ಸೂರ್ಯಾಸ್ತವಾಯಿತು. ಟೀಕೆಯ ಮಳೆ ಸುರಿದ ಮೇಲೆ ಸುತ್ತೋಲೆಯನ್ನು ಹಿಂತೆಗೆದುಕೊಂಡರು. ಅದನ್ನು ಬರೆದವರು ದುಷ್ಟರೆಂದು ಯಾರೂ ತಿಳಿಯಬೇಕಾದ್ದಿಲ್ಲ. ಗಾಬರಿಯ ಗಳಿಗೆಯಲ್ಲಿ ಮನೆಯ ಯಜಮಾನನಿಗೆ ಮೊದಲು ಹೊಳೆಯುವುದನ್ನೇ ಅವರೂ ಮಾಡಿದರು. ಕಳ್ಳನ ಭಯ ಬಂದರೆ ಆಭರಣವನ್ನು ಪೆಟ್ಟಿಗೆಯಲ್ಲಿಡುವುದು ಲೋಕರೂಢಿ. ಆದರೆ ಎಂ.ಎಸ್‌ಸಿ. ಓದುತ್ತಿರುವ ಹುಡುಗಿ ಆಭರಣವಲ್ಲ. ನೂರು ದೀಪದ ಕಂಬ ನೆಡುವುದಕ್ಕಿಂತ, ರಾತ್ರಿ ಒಂಬತ್ತಕ್ಕೊಂದು ಬಸ್ಸು ಓಡಿಸುವುದಕ್ಕಿಂತ ಒಂದು ಬೀಗ ಅಗ್ಗವೆಂಬುದೂ ಇಲ್ಲಿ ಕೆಲಸಮಾಡುತ್ತದೆ.

ಮೈಸೂರಿನ ಸುತ್ತೋಲೆ ಪತ್ರಿಕೆಗಳಲ್ಲಿ ಬಂದದ್ದರಿಂದ ಎಲ್ಲರಿಗೂ ತಿಳಿಯಿತು. ಪತ್ರಿಕೆಗೆ ಬಾರದ ಸುತ್ತೋಲೆಗಳು ಊರೂರಿನ ವಿದ್ಯಾರ್ಥಿನಿ ನಿಲಯಗಳ ಗೋಡೆಯ ಮೇಲೆ ವರ್ಷವಿಡೀ ಅಂಟಿಕೊಂಡೇ ಇರುತ್ತವೆ. ಅಣ್ಣ ತಂಗಿಯರ ಮಾತಿಗೆ ಮರಳಿದರೆ ಅವುಗಳ ಅರ್ಥ ಸ್ಪಷ್ಟವಾಗುತ್ತದೆ. ಅವರು ಸೇರಿದ್ದು ಯಾವ ವಿಶ್ವವಿದ್ಯಾನಿಲಯ ಎಂಬುದು ಮುಖ್ಯವಲ್ಲ. ಇಬ್ಬರೂ ಒಂದೇ ವಾಚನಾಲಯಕ್ಕೆ ಹೋಗುತ್ತಾರೆ. ಪರಾಮರ್ಶನ ಗ್ರಂಥಗಳನ್ನು ಹೊರಗೆ ಕೊಡುವ ಪದ್ಧತಿಯಿಲ್ಲ. ಅಲ್ಲಿಯೇ ಕುಳಿತು ಓದಬೇಕು. ಹಗಲೆಲ್ಲ ತರಗತಿಗಳು, ಬಿಡುವು ಸಿಕ್ಕುವುದೇ ಸಂಜೆ ಐದರ ಮೇಲೆ. ತಂಗಿ ಪುಸ್ತಕ ತೆರೆದು, ಬೇಕಾದ ಪುಟ ಹುಡುಕಿ, ನಾಲ್ಕು ಸಾಲು ಗುರುತು ಹಾಕಿಕೊಳ್ಳುವುದರೊಳಗೆ ಗಡಿಯಾರ ನೋಡಿ ಏಳಬೇಕು. ನಿಲಯದ ಬಾಗಿಲಲ್ಲಿ ಒಂದು ಪುಸ್ತಕವಿದೆ. ಹೋದ ಹೊತ್ತು, ಬಂದ ಹೊತ್ತು, ಹೋದ ಕಾರಣ, ಸಹಿ. ಅಣ್ಣನ ನಿಲಯದಲ್ಲಿ ಅಂಥದೊಂದು ಪುಸ್ತಕ ಇದ್ದರೂ ಅದರ ಮೇಲೆ ಧೂಳು ಕುಳಿತಿದೆ. ಅವನು ವಾಚನಾಲಯ ಮುಚ್ಚುವವರೆಗೆ ಓದಿ, ಅನಂತರ ಕ್ಯಾಂಟೀನಿನಲ್ಲಿ ಕಾಫಿ ಕುಡಿದು, ಗೆಳೆಯರೊಡನೆ ವಾದ ಮಾಡಿ ಹೋಗುತ್ತಾನೆ.

ಆ ಕ್ಯಾಂಟೀನಿನ ಮೇಜನ್ನು ಲಘುವಾಗಿ ಕಾಣಬಾರದು. ಯಾವ ಸ್ಪರ್ಧಾ ಪರೀಕ್ಷೆಗೆ ಯಾವಾಗ ಅರ್ಜಿ, ಯಾವ ಪ್ರಾಧ್ಯಾಪಕರ ಬಳಿ ಸಂಶೋಧನೆಗೆ ಸ್ಥಳ ಖಾಲಿಯಿದೆ, ಯಾವ ವಿದ್ಯಾರ್ಥಿವೇತನ ಎಲ್ಲಿದೆ ಎಂಬ ಸಂಗತಿಗಳೆಲ್ಲ ಪ್ರಕಟಣೆಯ ಫಲಕಕ್ಕೆ ಬರುವುದಕ್ಕೆ ಮೊದಲು ಆ ಮೇಜಿಗೆ ಬರುತ್ತವೆ. ನಾಟಕದ ತಾಲೀಮು, ಚರ್ಚಾಕೂಟ, ಹೊರಗಿನಿಂದ ಬಂದ ವಿದ್ವಾಂಸರ ಉಪನ್ಯಾಸ, ವಿದ್ಯಾರ್ಥಿ ಸಂಘದ ಸಭೆ, ಇವೆಲ್ಲ ನಡೆಯುವುದೂ ದೀಪ ಹಚ್ಚಿದ ಮೇಲೆಯೇ. ಕೆಲವು ರಾಸಾಯನಿಕ ಪ್ರಯೋಗಗಳಂತೂ ಆರೂವರೆಗೆ ನಿಲ್ಲು ಎಂದರೆ ನಿಲ್ಲುವುದಿಲ್ಲ. ಹುಡುಗಿಯರು ಪದಕಗಳನ್ನು ಹೊತ್ತುಕೊಂಡು ಹೋಗುತ್ತಾರೆಂದು ಘಟಿಕೋತ್ಸವದ ಮರುದಿನ ಪತ್ರಿಕೆಗಳು ಬೆರಗುಪಡುತ್ತವೆ. ಪಠ್ಯಪುಸ್ತಕವೊಂದನ್ನು ಬಿಟ್ಟು ಬೇರೇನೂ ಬೀಗದೊಳಕ್ಕೆ ಬರುವಂತಿಲ್ಲವಾದ್ದರಿಂದ ಅವರು ಅದನ್ನೇ ಚೆನ್ನಾಗಿ ಓದಿರಬೇಕೆಂದು ಯಾರಿಗೂ ತೋರುವುದಿಲ್ಲ.

ಮನೆಯ ಹಿರಿಯರು ಇಲ್ಲಿ ಒಂದು ಮಾತು ಕೇಳುವುದು ನ್ಯಾಯ: ‘ಏನಾದರೂ ಆದರೆ?’ ಹೊಸಬಾಳೆಯ ತಂದೆಗೆ ಮಗಳು ನೂರು ಕಿಲೋಮೀಟರಿನಾಚೆ ಇದ್ದಾಳೆ. ರಾತ್ರಿ ಫೋನು ಎತ್ತದಿದ್ದರೆ ಅವನಿಗೆ ನಿದ್ರೆ ಬರುವುದಿಲ್ಲ. ಅವನ ಭಯವನ್ನು ಹಾಸ್ಯಮಾಡುವವರಿಗೆ ಹೆಣ್ಣುಮಕ್ಕಳಿಲ್ಲವೆಂದು ಹೇಳಬೇಕು. ಆದರೆ ಆ ಭಯಕ್ಕೆ ಆರೂವರೆಯ ಬೀಗ ಉತ್ತರವಾಗಿದೆಯೇ? ತೊಂದರೆ ಕತ್ತಲೆಗಾಗಿ ಕಾಯುವುದಿಲ್ಲ. ಕಿಕ್ಕಿರಿದ ಬೆಳಗಿನ ಬಸ್ಸಿನಲ್ಲಿ ಅದಿದೆ. ಸಂಶೋಧನ ವಿದ್ಯಾರ್ಥಿನಿಯ ಪಾಲಿಗೆ ಅದು ಹಗಲು ಹನ್ನೊಂದು ಗಂಟೆಗೆ, ಮಹಾಪ್ರಬಂಧಕ್ಕೆ ಸಹಿ ಹಾಕಬೇಕಾದವರ ಕೊಠಡಿಯಲ್ಲಿಯೇ ಇರಬಹುದು. ಐದು ವರ್ಷಗಳ ದುಡಿಮೆ ಒಬ್ಬರ ಲೇಖನಿಯ ತುದಿಯಲ್ಲಿ ನಿಂತಿರುವಾಗ ಯಾವ ಗಡಿಯಾರ ಅವಳನ್ನು ಕಾಪಾಡೀತು?

ಕಾನೂನು ಈ ವಿಷಯದಲ್ಲಿ ಮನೆಮಂದಿಗಿಂತ ಮುಂದೆ ಹೋಗಿದೆ. 1997ರ ವಿಶಾಖಾ ತೀರ್ಪು, 2013ರ ಅಧಿನಿಯಮ, ಅದರ ಬೆನ್ನಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2015ರ ನಿಯಮಾವಳಿ. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿಯೂ ಆಂತರಿಕ ದೂರು ಸಮಿತಿ ಇರಲೇಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಅದರಲ್ಲಿ ಕೂರಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರೆದುಕೊಟ್ಟ ದೂರನ್ನು ವಿಚಾರಣೆಗೆ ತೆಗೆದುಕೊಳ್ಳಬೇಕು. ಹೆಣ್ಣುಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಅವರ ನಿಲಯಗಳಿಗೆ ಮಾತ್ರ ಹುಡುಗರಿಗಿಲ್ಲದ ಕಟ್ಟಳೆಗಳನ್ನು ಹೇರಕೂಡದೆಂದು ಅದೇ ನಿಯಮಾವಳಿ ವಿಧಿಸುತ್ತದೆ. ಆ ವರ್ಷವೇ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜರಾ ತೋಡ್’, ಎಂದರೆ ಪಂಜರವನ್ನು ಮುರಿ, ಎಂಬ ಹೆಸರಿನಲ್ಲಿ ಬೀದಿಗಿಳಿದರು. 2022ರಲ್ಲಿ ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ ಒಂಬತ್ತೂವರೆಯ ಗಡುವನ್ನು ಕೇರಳದ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಬೀಗ ಹಾಕಬೇಕಾದದ್ದು ಯಾರನ್ನು ಎಂಬ ಪ್ರಶ್ನೆ ಅಲ್ಲಿ ನ್ಯಾಯಪೀಠದಿಂದಲೇ ಎದ್ದಿತು. ಕೊನೆಗೆ ಸರ್ಕಾರ ಹುಡುಗ ಹುಡುಗಿಯರಿಬ್ಬರಿಗೂ ಒಂದೇ ನಿಯಮವೆಂದು ಆಜ್ಞೆ ಹೊರಡಿಸಿತು. ರಾತ್ರಿಯ ಪಾಳಿಯಲ್ಲಿ ರೋಗಿಗಳನ್ನು ನೋಡಬೇಕಾದ ಭಾವೀ ವೈದ್ಯೆಯರಿಗೆ ಒಂಬತ್ತೂವರೆಗೆ ಬಾಗಿಲು ಮುಚ್ಚುವುದು ತಮಾಷೆಯ ಸಂಗತಿಯೇ ಸರಿ.

ಇಷ್ಟೆಲ್ಲ ಇದ್ದರೂ ದೂರು ಕೊಡುವವರು ಕಡಮೆ. ಹುಡುಗಿಯರಿಗೆ ಧೈರ್ಯವಿಲ್ಲವೆಂದು ಸಭೆಗಳಲ್ಲಿ ಭಾಷಣವಾಗುತ್ತದೆ. ಧೈರ್ಯದ ಮಾತಲ್ಲ ಅದು, ಲೆಕ್ಕಾಚಾರದ ಮಾತು. ಅಣ್ಣನಿಗೆ ನಿಲಯದಲ್ಲಿ ಯಾರೋ ಹೊಡೆದರೆಂದು ತಿಳಿದರೆ ತಂದೆ ಮರುದಿನದ ಬಸ್ಸಿಗೆ ಬಂದು ಪ್ರಾಂಶುಪಾಲರನ್ನು ಕಾಣುತ್ತಾನೆ. ತಂಗಿಯನ್ನು ಯಾರೋ ಪೀಡಿಸಿದರೆಂದು ತಿಳಿದರೂ ಅದೇ ಬಸ್ಸಿಗೆ ಬರುತ್ತಾನೆ. ಆದರೆ ಹಿಂದಿರುಗುವಾಗ ಅವಳ ಪೆಟ್ಟಿಗೆಯೂ ಜೊತೆಗೆ ಬರುತ್ತದೆ. ‘ಓದಿದ್ದು ಸಾಕು, ಮನೆಯಿಂದಲೇ ಪರೀಕ್ಷೆ ಕಟ್ಟು’ ಎಂಬ ಮಾತು ತಾಯಿಯ ಬಾಯಲ್ಲಿ ಸಿದ್ಧವಾಗಿರುತ್ತದೆ. ಸೋದರಮಾವನ ಕೈಯಲ್ಲಿ ಒಂದು ಜಾತಕವೂ ಸಿದ್ಧವಾಗಿರುತ್ತದೆ. ಪೀಡಿಸಿದವನು ಅಲ್ಲಿಯೇ ಉಳಿದು ಪದವಿ ಪಡೆಯುತ್ತಾನೆ. ತನ್ನ ವ್ಯಾಸಂಗವನ್ನೇ ಪಣವಾಗಿಟ್ಟು ದೂರು ಕೊಡಬೇಕೆಂಬುದು ಯಾವ ನಿಯಮಾವಳಿಯಲ್ಲಿಯೂ ಬರೆದಿಲ್ಲ. ಮನೆಯಲ್ಲಿ ಬರೆದಿದೆ, ಅದೂ ಅವಳ ಮೇಲಿನ ಮಮತೆಯಿಂದಲೇ.

ದಸರೆಯ ರಜಕ್ಕೆ ಇಬ್ಬರೂ ಊರಿಗೆ ಬರುತ್ತಾರೆ. ಸೊರಬದಲ್ಲಿ ಬಸ್ಸು ಇಳಿದಾಗ ಮಳೆ ಹಿಡಿದಿದೆ. ತಂದೆ ಎರಡು ಕೊಡೆಗಳೊಡನೆ ಕಾದಿದ್ದಾನೆ. ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನು ಕೇಳುತ್ತಾನೆ: ‘ಓದು ಹೇಗೆ ನಡೆದಿದೆ?’ ಮಗ ಗ್ರಂಥಾಲಯದ ಬಗ್ಗೆ, ಚರ್ಚಾಕೂಟದ ಬಗ್ಗೆ, ಮುಂದಿನ ವರ್ಷ ಬರೆಯಬೇಕೆಂದಿರುವ ಪರೀಕ್ಷೆಯ ಬಗ್ಗೆ ಬಹಳ ಹೊತ್ತು ಮಾತನಾಡುತ್ತಾನೆ. ಅನಂತರ ತಂದೆ ಮಗಳ ಕಡೆಗೆ ತಿರುಗಿ, ದನಿಯನ್ನು ಸ್ವಲ್ಪ ತಗ್ಗಿಸಿ ಕೇಳುತ್ತಾನೆ:

‘ಅಲ್ಲಿ ಏನೂ ತೊಂದರೆ ಇಲ್ಲವಷ್ಟೆ?’

‘ಏನೂ ಇಲ್ಲ ಅಪ್ಪ’ ಎಂದು ಅವಳು ಅನ್ನ ಕಲಸುತ್ತಾಳೆ.